ಪುಟ್ಟ ಮೈಕ್ರೋಕಂಟ್ರೋಲರ್‌ಗೆ ಕಂಪೈಲರ್ ಬ್ಯಾಕೆಂಡ್ ಹೊಂದಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಎವಿಆರ್ ಎನ್ನುವ ಪುಟ್ಟ ಚಿಪ್‌ಗಾಗಿ ಬ್ಯಾಕೆಂಡ್ (ಕಂಪೈಲರ್‌ನಲ್ಲಿ ಚಿಪ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಹುಟ್ಟಿಸುವ ಕೊನೆಯ ಭಾಗ) ತಿದ್ದುತ್ತಿದ್ದಾಗ, ಸೀರಿಯಲ್ ಪೋರ್ಟ್‌ಗೆ ಒಂದೇ ಒಂದು ಅಕ್ಷರ ಕಳಿಸುವ ಪ್ರೋಗ್ರಾಂ ಎರಡು ದಿನ ತಿಂದುಹಾಕಿತು. ಪ್ರಿಂಟ್‌ಎಫ್‌ಗೆ ಒಂದಕ್ಷರದ ಸ್ಟ್ರಿಂಗ್ ಕೊಟ್ಟಿದ್ದೆ. ಅಕ್ಷರದ ಬದಲು ಬರೀ ಸೊನ್ನೆ ಹೋಗುತ್ತಿತ್ತು. ಆಪ್ಟಿಮೈಸೇಶನ್ ಆಫ್ ಮಾಡಿದರೆ ಸರಿಯಾಗಿ ಬರುತ್ತಿತ್ತು.

ಆಗಿದ್ದೇನು ಅಂದರೆ, ಒಂದೇ ಅಕ್ಷರ ಅಂತ ನೋಡಿದ ಆಪ್ಟಿಮೈಸರ್ (ಕೋಡನ್ನು ಚುರುಕು ಮಾಡುವ ಕಂಪೈಲರ್ ಭಾಗ) ಪ್ರಿಂಟ್‌ಎಫ್ ಕಿತ್ತು, ಒಂದಕ್ಷರ ಕಳಿಸುವ ಪುಟ್‌ಚಾರ್ ಹಾಕಿತ್ತು. ಅದು ಒಳ್ಳೆಯ ಕೆಲಸವೇ. ಆದರೆ 'ಇಂಟ್' ಅಂದರೆ 32 ಬಿಟ್ ಅಂತ ಅದು ಅಂದುಕೊಂಡಿತ್ತು. 65 ಎನ್ನುವ ಬೆಲೆಯನ್ನು ನಾಲ್ಕು ರಿಜಿಸ್ಟರ್‌ಗಳಿಗೆ (ಚಿಪ್ ಒಳಗೇ ಇರುವ ಒಂದೊಂದು ಬೈಟ್‌ನ ಜಾಗಗಳು) ಹಂಚಿತು: ಆರ್22ರಲ್ಲಿ 65, ಆರ್23, ಆರ್24, ಆರ್25ರಲ್ಲಿ ಸೊನ್ನೆ. ಎವಿಆರ್‌ನಲ್ಲಿ ಇಂಟ್ 16 ಬಿಟ್. ಪುಟ್‌ಚಾರ್ ನೋಡುವುದು ಆರ್24 ಮತ್ತು ಆರ್25 ಮಾತ್ರ. ಅಲ್ಲಿ ಸೊನ್ನೆ ಇತ್ತು, ಸೊನ್ನೆಯೇ ಹೋಯಿತು. ನಾನು ಬರೆದ ಒಂದೇ ಒಂದು ಇನ್‌ಸ್ಟ್ರಕ್ಷನ್ ಕೂಡ ತಪ್ಪಿರಲಿಲ್ಲ.

ಈ ಕೆಲಸದ ಸ್ವಭಾವವೇ ಇಷ್ಟು. ಇನ್‌ಸ್ಟ್ರಕ್ಷನ್‌ಗಳನ್ನು ಬರೆದು ಹಾಕುವುದು ಸುಲಭದ ಭಾಗ. ದೊಡ್ಡ ಯಂತ್ರ ನೋಡಿ ಬೆಳೆದ ಕಂಪೈಲರ್ ಒಳಗೆ ಎಲ್ಲೆಲ್ಲೋ ಕೂತಿರುವ ಊಹೆಗಳನ್ನು ಹುಡುಕಿ ತೆಗೆಯುವುದೇ ನಿಜವಾದ ಕೆಲಸ. ಈ ಬರಹದಲ್ಲಿ ಉದಾಹರಣೆಗೆ ಎಟಿಮೆಗಾ328ಪಿ ಎನ್ನುವ ಎವಿಆರ್ ಇಟ್ಟುಕೊಳ್ಳುತ್ತೇನೆ. 8 ಬಿಟ್ ಚಿಪ್, 32 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್. ಕಂಪೈಲರ್ ಎಲ್‌ಎಲ್‌ವಿಎಂ. ನಿಮ್ಮ ಚಿಪ್ ಬೇರೆ ಇದ್ದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಯಾವ ಕಂಪೈಲರ್, ಯಾವ ಚಿಪ್

ಮೊದಲು ಚಿಪ್‌ನಲ್ಲಿ ಎಷ್ಟು ರಿಜಿಸ್ಟರ್ ಇವೆ ನೋಡಿ. ಎವಿಆರ್‌ನಲ್ಲಿ 32 ಇವೆ. ಎಂಎಸ್‌ಪಿ430 ಎನ್ನುವ ಚಿಪ್‌ನಲ್ಲಿ 16 ಇವೆ, ಅದರಲ್ಲಿ ನಾಲ್ಕಕ್ಕೆ ವಿಶೇಷ ಕೆಲಸ, ಉಳಿಯುವುದು 12. ರಿಸ್ಕ್-ವಿ ಆರ್‌ವಿ32ಇ ಬಗೆಯ ಚಿಪ್‌ಗಳಲ್ಲೂ 16. ಇಂಥವಕ್ಕೆ ಎಲ್‌ಎಲ್‌ವಿಎಂ, ಜಿಸಿಸಿ ಎರಡೂ ಕಂಪೈಲರ್‌ಗಳು ಹೊಂದುತ್ತವೆ.

1980ರಲ್ಲಿ ಇಂಟೆಲ್ ತಂದ 8051, ಅಥವಾ ಒಂದೇ ಕೆಲಸದ ರಿಜಿಸ್ಟರ್ ಇರುವ ಹಳೆಯ ಪಿಐಸಿ ಚಿಪ್‌ಗಳ ಕಥೆ ಬೇರೆ. ಅಲ್ಲಿ ಬಹುತೇಕ ಎಲ್ಲವೂ ಅಕ್ಯುಮ್ಯುಲೇಟರ್ ಎನ್ನುವ ಒಂದು ರಿಜಿಸ್ಟರ್ ಮೂಲಕ ಹೋಗಬೇಕು, ಸ್ಟ್ಯಾಕ್ (ಫಂಕ್ಷನ್ ಕರೆದಾಗ ಬೇಕಾಗುವ ತಾತ್ಕಾಲಿಕ ಮೆಮೊರಿ) ತೀರಾ ಚಿಕ್ಕದು. ಇವುಗಳಿಗೆ ಎಸ್‌ಡಿಸಿಸಿ ಎನ್ನುವ ಕಂಪೈಲರ್ ಇದೆ, ಅದನ್ನೇ ತಿದ್ದಿ. 8051ಕ್ಕೆ ಅದು ಫಂಕ್ಷನ್ ಒಳಗಿನ ವೇರಿಯಬಲ್‌ಗಳನ್ನು ಸ್ಟ್ಯಾಕ್ ಮೇಲೆ ಇಡದೆ ಸ್ಥಿರ ವಿಳಾಸಗಳಲ್ಲಿ ಇಡುತ್ತದೆ. ಇದರಿಂದ ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳಲು ಆಗುವುದಿಲ್ಲ, ಆದರೆ ಅಂಥ ಚಿಪ್‌ನಲ್ಲಿ ಅದೇ ಜಾಣತನ. ಎಲ್‌ಎಲ್‌ವಿಎಂನಲ್ಲಿ ಇದನ್ನು ಮೊದಲಿಂದ ಕಟ್ಟುತ್ತೇನೆ ಅಂತ ಹೊರಡುವವರಿಗೆ ನನ್ನ ಸಲಹೆ: ಬೇಡ, ಮೊದಲು ಒಂದು ಸುಲಭದ ಚಿಪ್ ಮಾಡಿ ಮುಗಿಸಿ.

ಹತ್ತಿರದ ಬ್ಯಾಕೆಂಡ್ ಒಂದನ್ನು ನಕಲು ಮಾಡಿಕೊಂಡು ಶುರು ಮಾಡುವುದು ಒಳ್ಳೆಯದು. ಎಂಎಸ್‌ಪಿ430 ಬ್ಯಾಕೆಂಡ್ ಚಿಕ್ಕದು, ಒಂದು ವಾರದಲ್ಲಿ ಪೂರ್ತಿ ಓದಬಹುದು. ಎವಿಆರ್ ಬ್ಯಾಕೆಂಡ್ ಎಷ್ಟೋ ವರ್ಷ ಹೊರಗೆ ಬೆಳೆದು, 2020ರ ಎಲ್‌ಎಲ್‌ವಿಎಂ 11ರಲ್ಲಿ ಅಧಿಕೃತವಾಯಿತು. ಅದರ ಕೋಡ್‌ನಲ್ಲಿರುವ ಕಾಮೆಂಟ್‌ಗಳೇ ಒಂದು ಪಾಠ.

ಹಂತ 2: ಚಿಪ್‌ನ ಕಟ್ಟುಪಾಡುಗಳನ್ನು ಬರೆದಿಡಿ

ಇನ್‌ಸ್ಟ್ರಕ್ಷನ್ ಮ್ಯಾನುವಲ್ ತೆಗೆದು, ಪ್ರತಿ ಇನ್‌ಸ್ಟ್ರಕ್ಷನ್ ಎದುರು ಎರಡೇ ಪ್ರಶ್ನೆ ಕೇಳಿ: ಇದು ಯಾವ ರಿಜಿಸ್ಟರ್‌ಗಳ ಮೇಲೆ ನಡೆಯುತ್ತದೆ? ಇದು ಫ್ಲ್ಯಾಗ್‌ಗಳನ್ನು (ಹಿಂದಿನ ಲೆಕ್ಕದ ಫಲ ಗುರುತಿಡುವ ಬಿಟ್‌ಗಳನ್ನು) ಮುಟ್ಟುತ್ತದೆಯೇ? ಇನ್ನೇನೂ ಈಗ ಬೇಡ.

ಎವಿಆರ್‌ನಲ್ಲಿ 32 ರಿಜಿಸ್ಟರ್ ಅಂದೆನಲ್ಲ, ಅವೆಲ್ಲ ಸಮಾನರಲ್ಲ. ಸ್ಥಿರ ಸಂಖ್ಯೆ ತುಂಬುವ ಎಲ್‌ಡಿಐ ಆರ್16ರಿಂದ ಮೇಲಕ್ಕೆ ಮಾತ್ರ. ಪಾಯಿಂಟರ್ ಆಗಬಲ್ಲವು ಎಕ್ಸ್, ವೈ, ಝಡ್ ಎನ್ನುವ ಮೂರು ಜೋಡಿ ಅಷ್ಟೇ. ಅದರಲ್ಲೂ 'ಪಾಯಿಂಟರ್ ಜೊತೆಗೆ ಇಷ್ಟು ಬೈಟ್ ಮುಂದೆ' ಅಂತ ಹೇಳಲು ವೈ, ಝಡ್‌ನಿಂದ ಮಾತ್ರ ಆಗುತ್ತದೆ, ಅದೂ 63 ಬೈಟ್ ತನಕ. ಫ್ಲ್ಯಾಶ್ ಓದುವ ಎಲ್‌ಪಿಎಂಗೆ ಝಡ್ ಒಂದೇ ಗತಿ. ಗುಣಿಸಿದರೆ ಉತ್ತರ ಯಾವಾಗಲೂ ಆರ್0, ಆರ್1ಕ್ಕೇ ಬಂದು ಬೀಳುತ್ತದೆ.

ಈ ಪಟ್ಟಿಯೇ ಮುಂದೆ, ಎಲ್‌ಎಲ್‌ವಿಎಂಗೆ ಚಿಪ್‌ನ ವಿವರ ಹೇಳುವ ಟೇಬಲ್‌ಜೆನ್ ಫೈಲ್‌ನಲ್ಲಿ ರಿಜಿಸ್ಟರ್ ಕ್ಲಾಸ್‌ಗಳಾಗುತ್ತದೆ. ಎಲ್ಲ 32ಕ್ಕೆ ಒಂದು ಕ್ಲಾಸ್, ಮೇಲಿನ 16ಕ್ಕೆ ಒಂದು, ಜೋಡಿಗಳಿಗೆ ಒಂದು, ಮೂರು ಪಾಯಿಂಟರ್‌ಗೆ ಒಂದು, ವೈ-ಝಡ್ ಎರಡಕ್ಕೇ ಒಂದು. ಕ್ಲಾಸ್ ಕಡಿಮೆ ಮಾಡಿ ಸುಲಭ ಮಾಡಿಕೊಳ್ಳೋಣ ಅನ್ನಿಸುತ್ತದೆ. ಮಾಡಬೇಡಿ. ಹಾಗೆ ಮಾಡಿದರೆ 'ರಿಜಿಸ್ಟರ್ ಸಾಲದು' ಎನ್ನುವ ಎರರ್ ದೊಡ್ಡ ಫಂಕ್ಷನ್ ಬಂದಾಗ ಎದುರಾಗುತ್ತದೆ, ಆಗ ಕಾರಣ ಹುಡುಕುವುದು ಕಷ್ಟ.

ಹಂತ 3: ಎಬಿಐ ಮೊದಲು, ಕೋಡ್ ಆಮೇಲೆ

ಫಂಕ್ಷನ್‌ಗೆ ಬೆಲೆಗಳು ಯಾವ ರಿಜಿಸ್ಟರ್‌ನಲ್ಲಿ ಹೋಗಬೇಕು, ಯಾವುದನ್ನು ಯಾರು ಕಾಪಾಡಬೇಕು ಎನ್ನುವ ಒಪ್ಪಂದವೇ ಎಬಿಐ. ಈ ಚಿಪ್‌ಗೆ ಈಗಾಗಲೇ ಒಂದು ಕಂಪೈಲರ್ ಇದ್ದರೆ ಅದರ ಎಬಿಐಯನ್ನೇ ಕಣ್ಮುಚ್ಚಿ ಅನುಸರಿಸಿ. ಹೊಸದು ಎಷ್ಟೇ ಚೆನ್ನಾಗಿದ್ದರೂ ಹಳೆಯ ಲೈಬ್ರರಿಗಳ ಜೊತೆ ಕೂಡುವುದಿಲ್ಲ ಅಂದರೆ ಯಾರೂ ಬಳಸುವುದಿಲ್ಲ.

ಎವಿಆರ್‌ಗೆ ಜಿಸಿಸಿ ಮಾಡಿಟ್ಟ ಒಪ್ಪಂದ ಹೀಗಿದೆ. ಆರ್ಗ್ಯುಮೆಂಟ್‌ಗಳು ಆರ್25ರಿಂದ ಕೆಳಗೆ ಆರ್8ರ ತನಕ ತುಂಬುತ್ತಾ ಹೋಗುತ್ತವೆ. ಒಂದು ಬೈಟ್ ಇದ್ದರೂ ಎರಡು ರಿಜಿಸ್ಟರ್ ಜಾಗ. ಆರ್2ರಿಂದ ಆರ್17, ಮತ್ತೆ ಆರ್28, ಆರ್29 ಕರೆಸಿಕೊಂಡ ಫಂಕ್ಷನ್ ಕಾಪಾಡಬೇಕು. ಆರ್0 ತಾತ್ಕಾಲಿಕ. ಆರ್1ರಲ್ಲಿ ಯಾವಾಗಲೂ ಸೊನ್ನೆ ಇರಬೇಕು.

ಒಂದಿಡೀ ರಿಜಿಸ್ಟರ್ ಬರೀ ಸೊನ್ನೆಗೆ ಯಾಕೆ ಅಂತ ನನಗೂ ಅನ್ನಿಸಿತ್ತು. ಉತ್ತರ ಫ್ಲ್ಯಾಗ್‌ಗಳಲ್ಲಿದೆ. ರಿಜಿಸ್ಟರ್ ಸೊನ್ನೆ ಮಾಡುವ ಸಿಎಲ್‌ಆರ್ ನಿಜಕ್ಕೂ ಒಂದು ಎಕ್ಸ್‌ಕ್ಲೂಸಿವ್-ಆರ್, ಅದು ಫ್ಲ್ಯಾಗ್ ಕೆಡಿಸುತ್ತದೆ. ಹೋಲಿಕೆಗೂ ಅದರ ಫಲ ನೋಡಿ ಹಾರುವ ಬ್ರಾಂಚ್‌ಗೂ ನಡುವೆ ಅದನ್ನು ಹಾಕಿದರೆ ಬ್ರಾಂಚ್ ದಾರಿ ತಪ್ಪುತ್ತದೆ. ಆರ್1ರಿಂದ ನಕಲು ಮಾಡಿದರೆ ಫ್ಲ್ಯಾಗ್ ಹಾಗೇ ಇರುತ್ತದೆ. ಕೆಳಗಿನ 16 ರಿಜಿಸ್ಟರ್‌ಗಳಿಗೂ ಅದು ನಡೆಯುತ್ತದೆ.

ಇದಕ್ಕೆ ಬೆಲೆಯೂ ಇದೆ. ಗುಣಿಸಿದಾಗಲೆಲ್ಲ ಆರ್1 ಕೆಡುತ್ತದೆ, ಆಮೇಲೆ ಸೊನ್ನೆ ಮಾಡಬೇಕು. ಗುಣಾಕಾರಕ್ಕೂ ಸೊನ್ನೆ ಮಾಡುವುದಕ್ಕೂ ನಡುವೆ ಇಂಟರಪ್ಟ್ (ನಡೆಯುತ್ತಿರುವ ಕೋಡ್ ನಿಲ್ಲಿಸಿ ಹ್ಯಾಂಡ್ಲರ್ ಎನ್ನುವ ಬೇರೆ ಕೋಡ್ ಓಡಿಸುವ ಕರೆ) ಬಂದರೆ? ಹಾಗಾಗಿ ಪ್ರತಿ ಇಂಟರಪ್ಟ್ ಹ್ಯಾಂಡ್ಲರ್ ಶುರುವಿನಲ್ಲಿ ಆರ್1 ಉಳಿಸಿ, ಸೊನ್ನೆ ಮಾಡಿ, ಕೊನೆಯಲ್ಲಿ ಮರಳಿಸಬೇಕು. ಇದನ್ನು ಮರೆತರೆ ತಿಂಗಳಿಗೊಮ್ಮೆ ಮಾತ್ರ ಕಾಣಿಸಿಕೊಳ್ಳುವ ದೋಷ ಉಡುಗೊರೆಯಾಗಿ ಸಿಗುತ್ತದೆ.

ಹಂತ 4: ಖಾಲಿ ಫಂಕ್ಷನ್ ಓಡಿಸಿ

ಈಗ ಅಸ್ಥಿಪಂಜರ. ಟಾರ್ಗೆಟ್ ಹೆಸರು ನೋಂದಾಯಿಸಿ, ರಿಜಿಸ್ಟರ್‌ಗಳನ್ನು ಕೊಡಿ, 'ರಿಟರ್ನ್' ಒಂದೇ ಇನ್‌ಸ್ಟ್ರಕ್ಷನ್ ಬರೆಯಿರಿ. ಏನೂ ಮಾಡದೆ ಹಿಂದಿರುಗುವ ಫಂಕ್ಷನ್ ಕಂಪೈಲ್ ಆದರೆ ಸಾಕು.

ಇಲ್ಲಿ ಆತುರ ಬೇಡ ಅನ್ನುವ ಒಂದೇ ಜಾಗ ಡೇಟಾ ಲೇಔಟ್ ಸ್ಟ್ರಿಂಗ್. ಪಾಯಿಂಟರ್ 16 ಬಿಟ್, ಎಲ್ಲದರ ಅಲೈನ್‌ಮೆಂಟ್ 8 ಬಿಟ್, ಸಹಜ ಅಗಲಗಳು 8 ಮತ್ತು 16, ಕೋಡ್ ಇರುವುದು ಬೇರೆ ಅಡ್ರೆಸ್ ಸ್ಪೇಸ್‌ನಲ್ಲಿ: ಇಷ್ಟನ್ನೂ ಇದು ಹೇಳುತ್ತದೆ. ಸಹಜ ಅಗಲ ತಪ್ಪು ಕೊಟ್ಟರೆ ಎರರ್ ಬರುವುದಿಲ್ಲ. ನಡುವಿನ ಆಪ್ಟಿಮೈಸರ್ ಸುಮ್ನೆ ಅಗಲವಾದ ಲೆಕ್ಕಗಳನ್ನು ಹುಟ್ಟಿಸುತ್ತಾ ಹೋಗುತ್ತದೆ, ಕೋಡ್ ಊದಿಕೊಳ್ಳುತ್ತದೆ. ಮುಂಭಾಗದಲ್ಲೂ, ಅಂದರೆ ಕ್ಲ್ಯಾಂಗ್‌ನಲ್ಲಿ, ಇಂಟ್ 16 ಬಿಟ್ ಅಂತ ಹೇಳಬೇಕು. ಲೈಬ್ರರಿ ಫಂಕ್ಷನ್‌ಗಳ ಬಗ್ಗೆ ಆಪ್ಟಿಮೈಸರ್‌ಗೆ ತಿಳಿಸುವ ಜಾಗದಲ್ಲೂ ಹೇಳಬೇಕು. ನನ್ನ ಪುಟ್‌ಚಾರ್ ಕಥೆ ಹುಟ್ಟಿದ್ದು ಈ ಕೊನೆಯದನ್ನು ಬಿಟ್ಟಿದ್ದರಿಂದ.

ಹಂತ 5: 16 ಬಿಟ್ ಕೂಡುವ ಲೆಕ್ಕ

ಈ ಒಂದು ಲೆಕ್ಕ ಸರಿಮಾಡಿದರೆ ಅರ್ಧ ಬ್ಯಾಕೆಂಡ್ ಅರ್ಥವಾದಂತೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಶಾಲೆಯಲ್ಲಿ ಕೂಡುವಾಗ 'ಕೈಲಿ ಒಂದು' ಅಂತಿದ್ದೆವಲ್ಲ, ಕ್ಯಾರಿ ಫ್ಲ್ಯಾಗ್ ಅದೇ. ಕೆಳಗಿನ ಬೈಟ್‌ಗಳನ್ನು ಎಡಿಡಿಯಿಂದ ಕೂಡಿ, ಕೈಲಿರುವುದನ್ನು ಸೇರಿಸಿ ಮೇಲಿನ ಬೈಟ್‌ಗಳನ್ನು ಎಡಿಸಿಯಿಂದ ಕೂಡಿ.

ಸ್ಥಿರ ಸಂಖ್ಯೆ ಕೂಡಬೇಕಾದರೆ? ಎವಿಆರ್‌ನಲ್ಲಿ ಅಂಥ ಸಾಮಾನ್ಯ ಇನ್‌ಸ್ಟ್ರಕ್ಷನ್ ಇಲ್ಲ. ಕಳೆಯುವುದು ಮಾತ್ರ ಇದೆ. ಹಾಗಾಗಿ 300 ಕೂಡಬೇಕಾದರೆ ಮೈನಸ್ 300 ಕಳೆಯಬೇಕು. 16 ಬಿಟ್‌ನಲ್ಲಿ ಮೈನಸ್ 300 ಅಂದರೆ 65236. ಇದರ ಕೆಳಬೈಟ್ 212, ಮೇಲ್ಬೈಟ್ 254. ಆರ್24ರಿಂದ 212ನ್ನು ಎಸ್‌ಯುಬಿಐ ಮೂಲಕ, ಆರ್25ರಿಂದ 254ನ್ನು ಎಸ್‌ಬಿಸಿಐ ಮೂಲಕ ಕಳೆಯಿರಿ. ಮುಗಿಯಿತು. ಎರಡೂ ಆರ್16ರಿಂದ ಮೇಲಿನ ರಿಜಿಸ್ಟರ್‌ಗಳಿಗೆ ಮಾತ್ರ, ಅದು ನೆನಪಿರಲಿ.

ಇನ್ನು ಬಲೆ. ಈ ಎರಡು ಇನ್‌ಸ್ಟ್ರಕ್ಷನ್ ನಡುವೆ ಬೇರೇನೋ ಬಂದು ಕ್ಯಾರಿ ಕೆಡಿಸಬಾರದು. ಮೊದಲೇ ಒಡೆದು ಎರಡು ಮಾಡಿಟ್ಟರೆ, ರಿಜಿಸ್ಟರ್ ಹಂಚುವ ಅಲೊಕೇಟರ್ ಬಂದು ನಡುವೆ ಒಂದು ಬೆಲೆಯನ್ನು ಸ್ಟ್ಯಾಕ್‌ಗೆ ಇಳಿಸಬಹುದು. ಇಳಿಸುವ ಎಸ್‌ಟಿಡಿ ಫ್ಲ್ಯಾಗ್ ಮುಟ್ಟುವುದಿಲ್ಲ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಆ ಜಾಗ 63 ಬೈಟ್‌ಗಿಂತ ದೂರ ಇದ್ದರೆ? ಆಗ ವೈ ಪಾಯಿಂಟರ್ ಸರಿಸಬೇಕು, ಸರಿಸಲು ಕಳೆಯಬೇಕು, ಕಳೆದರೆ ಕ್ಯಾರಿ ಹೋಯಿತು. ಚಿಕ್ಕ ಫಂಕ್ಷನ್‌ನಲ್ಲಿ ಸರಿ ಇದ್ದ ಲೆಕ್ಕ ದೊಡ್ಡ ಫಂಕ್ಷನ್‌ನಲ್ಲಿ 256ರಷ್ಟು ಆಚೀಚೆ ಆಗುತ್ತದೆ.

ಪರಿಹಾರಕ್ಕೆ ಎರಡು ಭಾಗ. 16 ಬಿಟ್ ಕೂಡುವಿಕೆಯನ್ನು ಒಂದೇ ನಕಲಿ ಇನ್‌ಸ್ಟ್ರಕ್ಷನ್ ಆಗಿ ಇಟ್ಟುಕೊಂಡು, ರಿಜಿಸ್ಟರ್ ಹಂಚಿಕೆ ಮುಗಿದ ಮೇಲೆ ಒಡೆಯಿರಿ. ಮತ್ತೆ, ದೂರದ ಸ್ಟ್ಯಾಕ್ ಜಾಗ ಮುಟ್ಟುವ ಕೋಡ್‌ನಲ್ಲಿ ವೈ ಸರಿಸುವ ಮುಂಚೆ ಫ್ಲ್ಯಾಗ್‌ಗಳಿರುವ ಎಸ್‌ಆರ್‌ಇಜಿ ರಿಜಿಸ್ಟರನ್ನು ಆರ್0ಗೆ ಎತ್ತಿಟ್ಟು ಆಮೇಲೆ ಮರಳಿಸಿ. ಎಲ್‌ಎಲ್‌ವಿಎಂನ ಎವಿಆರ್ ಬ್ಯಾಕೆಂಡ್ ಈ ಎರಡನ್ನೂ ಮಾಡುತ್ತದೆ. 32 ಬಿಟ್ ಲೆಕ್ಕಗಳಲ್ಲಿ ಕ್ಯಾರಿ ಒಂದು ನಕಲಿಯಿಂದ ಇನ್ನೊಂದಕ್ಕೆ ಹೋಗಲೇಬೇಕಾಗಿರುವುದರಿಂದ ಎರಡನೆಯದು ಬಿಟ್ಟರೆ ನಡೆಯುವುದಿಲ್ಲ.

ಹಂತ 6: ಚಿಪ್‌ನಲ್ಲಿ ಇಲ್ಲದ್ದು

ಪ್ರತಿ ಕ್ರಿಯೆಗೂ ಬ್ಯಾಕೆಂಡ್ ಐದರಲ್ಲಿ ಒಂದು ಉತ್ತರ ಕೊಡಬೇಕು: ಇದೆ, ಅಗಲ ಮಾಡಿ ಮಾಡು, ಬೇರೆ ಕ್ರಿಯೆಗಳಾಗಿ ಒಡೆ, ಲೈಬ್ರರಿ ಕರೆ, ನಾನೇ ನೋಡಿಕೊಳ್ಳುತ್ತೇನೆ. ಭಾಗಾಕಾರ ಲೈಬ್ರರಿಗೆ ಹೋಗಲಿ. ಎವಿಆರ್ ಲೈಬ್ರರಿಯ ಭಾಗಾಕಾರ ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೇ ಕೊಡುತ್ತದೆ. ಎರಡೂ ಬೇಕಾದಾಗ ಒಂದೇ ಸಲ ಕರೆಯುವಂತೆ ಜೋಡಿಸಿ. 10ರಿಂದ ಭಾಗಿಸುವುದನ್ನು ಗುಣಾಕಾರವಾಗಿ ಬದಲಿಸುವ ಹಳೆಯ ಉಪಾಯ ಆಪ್ಟಿಮೈಸರ್‌ಗೆ ತುಂಬಾ ಇಷ್ಟ. ಎಟಿಟೈನಿ85 ಎನ್ನುವ ಚಿಕ್ಕ ಎವಿಆರ್‌ನಲ್ಲಿ ಗುಣಿಸುವ ಹಾರ್ಡ್‌ವೇರೇ ಇಲ್ಲ. ಅಲ್ಲಿ ಅದನ್ನು ತಡೆಯಿರಿ.

ಶಿಫ್ಟ್ ಕಡೆ ಜಾಸ್ತಿ ಗಮನ ಕೊಡಿ. ಎವಿಆರ್ ಒಂದು ಸಲಕ್ಕೆ ಒಂದೇ ಬಿಟ್ ಸರಿಸುತ್ತದೆ. 32 ಬಿಟ್ ಸಂಖ್ಯೆಯನ್ನು 24 ಬಿಟ್ ಬಲಕ್ಕೆ ಸರಿಸು ಅಂದಾಗ ದಡ್ಡ ಬ್ಯಾಕೆಂಡ್ 24 ಸಲ ನಾಲ್ಕು ಬೈಟ್ ಉರುಳಿಸುತ್ತದೆ. ನಿಜಕ್ಕೂ ಬೇಕಿರುವುದು ಒಂದು ಬೈಟ್ ನಕಲು, ಮೂರು ಸೊನ್ನೆ. ಒಂದು ಬೈಟನ್ನು ನಾಲ್ಕು ಬಿಟ್ ಸರಿಸಲು ಸ್ವಾಪ್ (ಬೈಟ್‌ನ ಎರಡು ಅರ್ಧಗಳ ಅದಲುಬದಲು) ಮಾಡಿ ಅರ್ಧ ಅಳಿಸಿದರೆ ಆಯಿತು. ಎಷ್ಟು ಸರಿಸಬೇಕು ಎನ್ನುವುದು ಓಡುವಾಗಷ್ಟೇ ಗೊತ್ತಾಗುವಂತಿದ್ದರೆ ಲೂಪ್ ಬಿಟ್ಟು ಬೇರೆ ದಾರಿ ಇಲ್ಲ.

ಹಾಗೆಯೇ ಪೋರ್ಟ್‌ಗಳು, ಅಂದರೆ ಚಿಪ್‌ನ ಪಿನ್‌ಗಳನ್ನು ನಡೆಸುವ ವಿಳಾಸಗಳು. ಪೋರ್ಟ್‌ಬಿಯ ಮೆಮೊರಿ ವಿಳಾಸ 37, ಐಒ ವಿಳಾಸ 5. ಒಂದು ಬಿಟ್ ಏರಿಸುವ ಸಾಲು ಕಂಡರೆ ಎಸ್‌ಬಿಐ ಒಂದೇ ಇನ್‌ಸ್ಟ್ರಕ್ಷನ್ ಬರಬೇಕು. ಓದಿ, ತಿದ್ದಿ, ಬರೆ ಅಂತ ಮೂರು ಬಂದರೆ ನಡುವೆ ಇಂಟರಪ್ಟ್ ನುಗ್ಗಬಹುದು. ಜನ ಆ ಒಂದು ಇನ್‌ಸ್ಟ್ರಕ್ಷನ್ ನಂಬಿಕೊಂಡೇ ಪ್ರೋಗ್ರಾಂ ಬರೆದಿರುತ್ತಾರೆ.

ಇನ್ನೊಂದು ಸೂಕ್ಷ್ಮ ಸಂಗತಿ: 16 ಬಿಟ್ ಟೈಮರ್ ರಿಜಿಸ್ಟರ್‌ಗೆ ಬರೆಯುವಾಗ ಯಾವ ಬೈಟ್ ಮೊದಲು? ಹಳೆಯ ಎವಿಆರ್‌ಗಳಲ್ಲಿ ಮೇಲ್ಬೈಟ್ ಮೊದಲು ಬರೆಯಬೇಕು, ಓದುವಾಗ ಕೆಳಬೈಟ್ ಮೊದಲು. ಎಕ್ಸ್‌ಮೆಗಾ ಸಾಲಿನ ಚಿಪ್‌ಗಳಲ್ಲಿ ಬರೆಯುವಾಗಲೂ ಕೆಳಬೈಟ್ ಮೊದಲು. ಸಾಮಾನ್ಯ ಮೆಮೊರಿಗೆ ಇದು ಲೆಕ್ಕಕ್ಕಿಲ್ಲ. ಟೈಮರ್‌ಗೆ ಇದೇ ಸರ್ವಸ್ವ.

ಹಂತ 7: ಸ್ಟ್ಯಾಕ್ ಫ್ರೇಮ್

ಎವಿಆರ್‌ನಲ್ಲಿ ಪುಶ್ ಮೊದಲು ಬರೆದು ಆಮೇಲೆ ಪಾಯಿಂಟರ್ ಇಳಿಸುತ್ತದೆ. ಅಂದರೆ ಸ್ಟ್ಯಾಕ್ ಪಾಯಿಂಟರ್ ತೋರಿಸುವುದು ಖಾಲಿ ಬೈಟನ್ನು. ಸ್ಟ್ಯಾಕ್ ಪಾಯಿಂಟರನ್ನು ವೈಗೆ ನಕಲು ಮಾಡಿ ಫ್ರೇಮ್ (ಲೋಕಲ್ ವೇರಿಯಬಲ್‌ಗಳ ಸ್ಟ್ಯಾಕ್ ಜಾಗ) ಮುಟ್ಟುವಾಗ, ಮೊದಲ ಲೋಕಲ್ ವೇರಿಯಬಲ್ ವೈಗಿಂತ 1 ಮುಂದೆ ಇರುತ್ತದೆ. ಈ ಒಂದನ್ನು ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ.

ಸ್ಟ್ಯಾಕ್ ಪಾಯಿಂಟರ್ ಎರಡು ಬೈಟ್, ಬರೆಯುವುದು ಒಂದೊಂದೇ ಬೈಟ್. ಅರ್ಧ ಬರೆದಾಗ ಇಂಟರಪ್ಟ್ ಬಂದರೆ ಎಲ್ಲೋ ಇರುವ ಡೇಟಾ ಮೇಲೆ ಬರೆದುಬಿಡುತ್ತದೆ. ಜಿಸಿಸಿ ಇದಕ್ಕೆ ಒಂದು ಚಂದದ ಕ್ರಮ ಇಟ್ಟಿದೆ. ಎಸ್‌ಆರ್‌ಇಜಿಯನ್ನು ಆರ್0ಗೆ ಓದು, ಇಂಟರಪ್ಟ್ ಆಫ್ ಮಾಡು, ಮೇಲ್ಬೈಟ್ ಬರೆ, ಎಸ್‌ಆರ್‌ಇಜಿ ಮರಳಿಸು, ಆಮೇಲೆ ಕೆಳಬೈಟ್ ಬರೆ. ಕೊನೆಯ ಎರಡು ಅದಲುಬದಲಾಗಿವೆ ಅನ್ನಿಸುತ್ತದೆ ಅಲ್ವಾ? ಇಲ್ಲ. ಇಂಟರಪ್ಟ್ ಆನ್ ಮಾಡಿದ ಮೇಲೂ ಚಿಪ್ ಮುಂದಿನ ಒಂದು ಇನ್‌ಸ್ಟ್ರಕ್ಷನ್ ಮುಗಿಸಿಯೇ ಇಂಟರಪ್ಟ್ ಕಡೆ ತಿರುಗುತ್ತದೆ. ಹೀಗೆ ಆಫ್ ಇರುವ ಸಮಯ ಒಂದು ಇನ್‌ಸ್ಟ್ರಕ್ಷನ್‌ನಷ್ಟು ಕಡಿಮೆಯಾಗುತ್ತದೆ.

ಫ್ರೇಮ್ ಬೇಡದ ಫಂಕ್ಷನ್‌ನಲ್ಲಿ ವೈ ಕಾದಿರಿಸಬೇಡಿ. ಇರುವ ಮೂರು ಪಾಯಿಂಟರ್‌ನಲ್ಲಿ ಒಂದನ್ನು ಸುಮ್ಮನೆ ಕೂರಿಸುವುದು ದುಬಾರಿ.

ಇಂಟರಪ್ಟ್ ಹ್ಯಾಂಡ್ಲರ್ ಬೇರೊಂದು ಫಂಕ್ಷನ್ ಕರೆದರೆ, ಆ ಫಂಕ್ಷನ್ ಕೆಡಿಸಬಹುದಾದ 12 ರಿಜಿಸ್ಟರ್, ಜೊತೆಗೆ ಆರ್0, ಆರ್1, ಎಸ್‌ಆರ್‌ಇಜಿ ಉಳಿಸಬೇಕು. 15 ಬೈಟ್ ಆಯಿತು. ಹಿಂದಿರುಗುವ ವಿಳಾಸದ 2 ಬೈಟ್ ಸೇರಿ 17. ಎಟಿಟೈನಿ13ರಲ್ಲಿ ಇರುವ ರ‍್ಯಾಮ್ ಒಟ್ಟು 64 ಬೈಟ್. ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಹ್ಯಾಂಡ್ಲರ್ ಕರೆಯುವ ಚಿಕ್ಕ ಫಂಕ್ಷನ್‌ಗಳನ್ನು ಒಳಗೇ ಸೇರಿಸಿಬಿಡುವುದು ಇಲ್ಲಿ ಲಾಭ.

ಹಂತ 8: ರ‍್ಯಾಮ್ ಕದಿಯುವ ಟೇಬಲ್‌ಗಳು

ಎವಿಆರ್‌ನಲ್ಲಿ ಫ್ಲ್ಯಾಶ್‌ಗೂ ರ‍್ಯಾಮ್‌ಗೂ ಬೇರೆ ಬೇರೆ ವಿಳಾಸ, ಓದಲು ಬೇರೆ ಬೇರೆ ಇನ್‌ಸ್ಟ್ರಕ್ಷನ್. ಹಾಗಾಗಿ 'ಕಾನ್ಸ್ಟ್' ಅಂತ ಬರೆದ ಡೇಟಾ ಕೂಡ ಚಿಪ್ ಶುರುವಾದಾಗ ರ‍್ಯಾಮ್‌ಗೆ ನಕಲಾಗುತ್ತದೆ. ಪ್ರೋಗ್ರಾಮರ್‌ಗೆ ಇದು ಗೊತ್ತು, ದೊಡ್ಡ ಟೇಬಲ್‌ಗಳನ್ನು ಅವರೇ ಫ್ಲ್ಯಾಶ್‌ನಲ್ಲಿಡುತ್ತಾರೆ.

ಕಂಪೈಲರ್ ತಾನೇ ಹುಟ್ಟಿಸುವ ಟೇಬಲ್ ಕಥೆ ಏನು? 'ಸ್ವಿಚ್' ಒಳಗೆ ಪ್ರತಿ ಕೇಸ್‌ಗೆ ಒಂದು ಸಂಖ್ಯೆ ಕೊಡುವ ಕೋಡ್ ಇದೆ ಅನ್ನಿ. ಆಪ್ಟಿಮೈಸರ್ ಅದನ್ನು ಒಂದು ಟೇಬಲ್ ಮಾಡಿ ಸ್ಥಿರ ಡೇಟಾದಲ್ಲಿ ಇಡುತ್ತದೆ. ಪಿಸಿಯಲ್ಲಿ ಸೊಗಸಾದ ಉಪಾಯ. ಇಲ್ಲಿ ಅದು ಸದ್ದಿಲ್ಲದೆ ರ‍್ಯಾಮ್ ತಿನ್ನುತ್ತದೆ. 100 ಕೇಸ್, 2 ಬೈಟ್ ಉತ್ತರ ಅಂದರೆ 200 ಬೈಟ್. ಇದನ್ನು ನಿಲ್ಲಿಸುವ ಹುಕ್ ಎಲ್‌ಎಲ್‌ವಿಎಂನಲ್ಲಿದೆ, ಹಾಕಿ. ಕೇಸ್‌ಗಳ ಕೋಡ್ ವಿಳಾಸ ಹಿಡಿದಿಡುವ ಜಂಪ್ ಟೇಬಲ್‌ಗಳನ್ನೂ ಶುರುವಿನಲ್ಲಿ ಪೂರ್ತಿ ಆಫ್ ಮಾಡಿ.

ಫಂಕ್ಷನ್ ಪಾಯಿಂಟರ್ ಇನ್ನೊಂದು ಬಲೆ. ಎವಿಆರ್ ಕೋಡನ್ನು ಎರಡು ಬೈಟ್‌ಗಳ ವರ್ಡ್ ಲೆಕ್ಕದಲ್ಲಿ ಎಣಿಸುತ್ತದೆ. 256ನೇ ಬೈಟ್‌ನಲ್ಲಿರುವ ಫಂಕ್ಷನ್‌ನ ಪಾಯಿಂಟರ್ 128. ಇದಕ್ಕೆ ರಿಲೊಕೇಶನ್‌ನ (ಕೋಡ್ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಇಲ್ಲಿ ವಿಳಾಸ ತುಂಬು ಅನ್ನುವ ಸೂಚನೆಯ) ಬೇರೆ ಬಗೆಯೇ ಬೇಕು.

ಹಂತ 9: ಬ್ರಾಂಚ್ ಮತ್ತು ಲಿಂಕರ್

ಷರತ್ತಿನ ಬ್ರಾಂಚ್ ಹಾರುವುದು 64 ವರ್ಡ್ ಹಿಂದೆ, 63 ವರ್ಡ್ ಮುಂದೆ, ಅಷ್ಟೇ. ಅದಕ್ಕಿಂತ ದೂರವಾದರೆ ಷರತ್ತು ತಿರುಗಿಸಿ, ದೂರ ಹಾರುವ ಆರ್‌ಜೆಎಂಪಿ ಒಂದನ್ನು ದಾಟಿ ಹೋಗುವಂತೆ ಮಾಡಬೇಕು. ಎಲ್‌ಎಲ್‌ವಿಎಂನಲ್ಲಿ ಇದಕ್ಕೆ ಸಿದ್ಧ ಪಾಸ್ (ಕೋಡ್ ಮೇಲೆ ಕಂಪೈಲರ್ ನಡೆಸುವ ಒಂದು ಸುತ್ತು) ಇದೆ. ಅದು ಸರಿಯಾಗಿ ನಡೆಯಲು ಪ್ರತಿ ಇನ್‌ಸ್ಟ್ರಕ್ಷನ್‌ನ ಗಾತ್ರ ಸರಿಯಾಗಿ ಹೇಳಿರಬೇಕು. ನಕಲಿ ಇನ್‌ಸ್ಟ್ರಕ್ಷನ್ ಒಂದು ಉಳಿದುಕೊಂಡು ಗಾತ್ರ ಸೊನ್ನೆ ಅಂದುಬಿಟ್ಟರೆ, ಕೊನೆಯಲ್ಲಿ ಅಸೆಂಬ್ಲರ್ 'ದೂರ ಜಾಸ್ತಿ' ಅಂತ ಕೈಚೆಲ್ಲುತ್ತದೆ.

ಲಿಂಕರ್‌ನಲ್ಲಿ ರಿಲ್ಯಾಕ್ಸೇಶನ್ ಆನ್ ಮಾಡಿ. 4 ಬೈಟ್‌ನ ಕಾಲ್ ಹತ್ತಿರದ್ದಾಗಿದ್ದರೆ 2 ಬೈಟ್‌ನ ಆರ್‌ಕಾಲ್ ಆಗುತ್ತದೆ. ಪ್ರತಿ ಫಂಕ್ಷನ್‌ಗೆ ಬೇರೆ ಸೆಕ್ಷನ್ ಕೊಟ್ಟು ಬಳಸದವನ್ನು ಕಿತ್ತುಹಾಕಿಸಿ.

ಹಂತ 10: ಪರೀಕ್ಷೆ

ಮೊದಲ ದಿನದಿಂದಲೇ ಸಿಮ್ಯುಲೇಟರ್ ಜೊತೆಗಿರಲಿ. ಎವಿಆರ್‌ಗೆ ಸಿಮ್‌ಎವಿಆರ್ ಇದೆ, 2020ರ 5.1 ಆವೃತ್ತಿಯಿಂದ ಕ್ಯೂಎಂಯುನಲ್ಲೂ ಇದೆ. ಎಲ್‌ಎಲ್‌ವಿಎಂನ ಮೆಷಿನ್ ಕೋಡ್ ವೆರಿಫೈಯರ್ ಯಾವಾಗಲೂ ಆನ್ ಇಟ್ಟುಕೊಳ್ಳಿ. ತಪ್ಪು ಕ್ಲಾಸ್‌ನ ರಿಜಿಸ್ಟರ್ ಬಳಸಿದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಒಂದೇ ಪ್ರೋಗ್ರಾಂ ಪಿಸಿಯಲ್ಲೂ ಸಿಮ್ಯುಲೇಟರ್‌ನಲ್ಲೂ ಓಡಿಸಿ ಉತ್ತರ ಹೋಲಿಸುವುದು ಒಳ್ಳೆಯ ವಿಧಾನ, ಆದರೆ ಹುಷಾರು. 16 ಬಿಟ್‌ನ ಎರಡು 40000ಗಳನ್ನು ಕೂಡಿದರೆ ಪಿಸಿಯಲ್ಲಿ 80000 ಬರುತ್ತದೆ, ಯಾಕೆಂದರೆ ಅಲ್ಲಿ ಲೆಕ್ಕ 32 ಬಿಟ್ ಇಂಟ್‌ಗೆ ಏರುತ್ತದೆ. ಚಿಪ್‌ನಲ್ಲಿ 14464 ಬರುತ್ತದೆ. ಇಬ್ಬರೂ ಸರಿ. ಪರೀಕ್ಷೆ ಬರೆಯುವಾಗ ಪ್ರತಿ ಹಂತದಲ್ಲೂ ಅಗಲವನ್ನು ಬಾಯಿಬಿಟ್ಟು ಹೇಳಿ.

ಬೆಲೆಗಳನ್ನು ಸ್ಟ್ಯಾಕ್‌ಗೆ ಇಳಿಸಿ ಏರಿಸುವ ಕೋಡ್ ಪರೀಕ್ಷಿಸಲು ಬೇಕಂತಲೇ 70 ಬೈಟ್‌ನ ಅರೇ ಇರುವ, ಐದಾರು 32 ಬಿಟ್ ಬೆಲೆಗಳು ಒಟ್ಟಿಗೆ ಬದುಕಿರುವ ಫಂಕ್ಷನ್ ಬರೆಯಿರಿ. 5ನೇ ಹಂತದ ಕ್ಯಾರಿ ಬಲೆ ಇಂಥದರಲ್ಲೇ ಹೊರಬರುತ್ತದೆ.

ಗಾತ್ರವೂ ಪರೀಕ್ಷೆಯ ಭಾಗ. ಪ್ರತಿ ಬದಲಾವಣೆಗೂ ಹತ್ತಿಪ್ಪತ್ತು ಮಾದರಿ ಪ್ರೋಗ್ರಾಂಗಳ ಫ್ಲ್ಯಾಶ್, ರ‍್ಯಾಮ್ ಗಾತ್ರ ಬರೆದಿಡಿ. ಸ್ಟ್ಯಾಕ್ ಎಷ್ಟು ಇಳಿಯಿತು ಅಂತ ನೋಡಲು ಹಳೆಯ ಉಪಾಯ ಸಾಕು: ಶುರುವಿನಲ್ಲಿ ಖಾಲಿ ರ‍್ಯಾಮ್ ಪೂರ್ತಿ 170 ಎನ್ನುವ ಬೈಟ್ ತುಂಬಿಸಿ, ಪ್ರೋಗ್ರಾಂ ಓಡಿಸಿ, ಎಷ್ಟು ಬೈಟ್ ಇನ್ನೂ 170 ಆಗಿಯೇ ಉಳಿದಿವೆ ಎಣಿಸಿ. ನಿಮ್ಮ ಬ್ಯಾಕೆಂಡ್ ಮತ್ತು ಹಳೆಯ ಕಂಪೈಲರ್ ಎರಡರಲ್ಲೂ ಇದನ್ನು ಮಾಡಿ. ಹಳೆಯದರಲ್ಲಿ ಜಾಸ್ತಿ ಉಳಿದಿದ್ದರೆ, 7ನೇ ಹಂತಕ್ಕೆ ವಾಪಸ್.